20ರಿಂದ 20 ಲಕ್ಷಕ್ಕೆ: ಒಂದು ಮಿತಿಯ ಕಥೆ

ಮೆಸೇಜಿಂಗ್ ಸರ್ವರ್ ನೋಡಿಕೊಳ್ಳುವವರಿಗೆಲ್ಲ ಒಂದು ಬೈಗುಳ ಚೆನ್ನಾಗಿ ಪರಿಚಯ: "ಟೂ ಮೆನಿ ಓಪನ್ ಫೈಲ್ಸ್". ನನ್ನ ಹೊಟ್ಟೆಪಾಡೂ ಇಂಥ ಸರ್ವರ್‌ಗಳದ್ದೇ ಆದ್ದರಿಂದ ಆಗಾಗ ನಾನೂ ಇದನ್ನ ಕೇಳ್ತಿರ್ತೀನಿ. ಚಾಟ್ ಸರ್ವರ್‌ಗೂ ಫೈಲಿಗೂ ಏನು ಸಂಬಂಧ ಅಂತೀರಾ? ಯುನಿಕ್ಸ್ ಕಣ್ಣಿಗೆ ನೆಟ್‌ವರ್ಕ್ ಸಂಪರ್ಕವೂ ಒಂದು ತೆರೆದ ಫೈಲೇ! ಸುಮ್ಮನೆ ಆನ್‌ಲೈನ್ ಕೂತಿರೋ ಒಬ್ಬೊಬ್ಬರಿಗೂ ಒಂದೊಂದು ಫೈಲ್ ಡಿಸ್ಕ್ರಿಪ್ಟರ್ ಖರ್ಚು. ಮಿತಿ ಮುಗೀತೋ, ಬೇಕಾದಷ್ಟು ಮೆಮೊರಿ ಇದ್ದರೂ ಮುಂದಿನವರಿಗೆ ಬಾಗಿಲು ಬಂದ್.

ಲಿನಕ್ಸ್‌ನಲ್ಲಿ ಈ ಮಿತಿ ಇವತ್ತಿಗೂ ಸಾಮಾನ್ಯವಾಗಿ 1024. ಇಷ್ಟು ಚಿಕ್ಕ ಸಂಖ್ಯೆ ಎಲ್ಲಿಂದ ಬಂತು?

1975ರ ಆರನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಒಮ್ಮೆಗೆ ತೆರೆಯಬಹುದಾಗಿದ್ದದ್ದು 15 ಫೈಲು. 1979ರ ಏಳನೇ ಆವೃತ್ತಿಯಲ್ಲಿ 20. ಜಿಪುಣತನ ಅಂದ್ಕೋಬೇಡಿ. 16 ಬಿಟ್‌ನ ಪಿಡಿಪಿ-11 ಯಂತ್ರದಲ್ಲಿ ಮೆಮೊರಿ ಅಂದ್ರೆ ಬಂಗಾರ. ಅದಕ್ಕೇ ಕರ್ನಲ್ ಈ ಪಟ್ಟಿಗೆ ಮೊದಲೇ ಅಳೆದು ಜಾಗ ಇಡ್ತಿತ್ತು.

1983ರಲ್ಲಿ 4.2 ಬಿಎಸ್‌ಡಿ ಬಂತು, ಜೊತೆಗೆ ಸಾಕೆಟ್‌ಗಳೂ 'ಸೆಲೆಕ್ಟ್' ಅನ್ನೋ ಕರೆಯೂ ಬಂದವು. ಇಷ್ಟು ಸಂಪರ್ಕಗಳಲ್ಲಿ ಯಾರು ಮಾತಾಡಿದ್ರು ಅಂತ ಒಂದೇ ಸಲಕ್ಕೆ ಕೇಳೋ ವಿಧಾನ ಅದು. ಕೇಳಿದಾಗಲೆಲ್ಲ ಕರ್ನಲ್ ಮೇಷ್ಟ್ರ ಹಾಗೆ ಇಡೀ ಹಾಜರಿ ಕೂಗಬೇಕು. ಆ ಹಾಜರಿ ಪುಸ್ತಕಕ್ಕೆ ಲಿನಕ್ಸ್‌ನ ಸಿ ಲೈಬ್ರರಿಯಲ್ಲಿ ಇರೋದು 1024 ಮನೆ ಮಾತ್ರ!

1999ರಲ್ಲಿ ಡ್ಯಾನ್ ಕೆಗೆಲ್ 'ಸಿ10ಕೆ' ಅನ್ನೋ ಹೆಸರಲ್ಲಿ ಒಂದು ಸವಾಲು ಮುಂದಿಟ್ಟರು. ಯಂತ್ರಗಳು ದೊಡ್ಡವಾಗಿವೆ, ಒಂದೇ ಸರ್ವರ್ 10 ಸಾವಿರ ಜನರನ್ನ ಒಟ್ಟಿಗೆ ಸಂಭಾಳಿಸೋ ಕಾಲ ಬಂದಿದೆ ಅಂತ. 2000ದಲ್ಲಿ ಫ್ರೀಬಿಎಸ್‌ಡಿಗೆ 'ಕೆಕ್ಯೂ', 2002ರಲ್ಲಿ ಲಿನಕ್ಸ್‌ನ 2.5 ಸರಣಿಗೆ 'ಇಪೋಲ್' ಬಂದವು. ಇಲ್ಲಿ ಹಾಜರಿ ಇಲ್ಲ, ಕೈ ಎತ್ತಿದವರ ಹೆಸರಷ್ಟೇ ಸಾಕು.

2012ರ ಜನವರಿಯಲ್ಲಿ ವಾಟ್ಸಾಪ್‌ನವರು ಒಂದೇ ಯಂತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಸಂಪರ್ಕ ಹಿಡಿದಿಟ್ಟಿದ್ದೇವೆ ಅಂತ ಪ್ರಕಟಿಸಿದರು. ಫ್ರೀಬಿಎಸ್‌ಡಿ, ಅದರ ಮೇಲೆ ಅರ್ಲ್ಯಾಂಗ್, ಜೊತೆಗೆ ಕರ್ನಲ್‌ನ ಫೈಲ್ ಮಿತಿಯೂ ಲಕ್ಷಗಳಿಗೆ ಏರಿತ್ತು. ಊರಿಂದ ಅಮ್ಮ ಕಳಿಸೋ ಗುಡ್ ಮಾರ್ನಿಂಗ್ ಮೆಸೇಜು ಪರದೇಶದಲ್ಲಿ ಕೂತಿರೋ ನಮಗೆ ತಲುಪೋದರ ಹಿಂದೆ ಇಂಥ ಲೆಕ್ಕಗಳೂ ಇವೆ ನೋಡಿ.

ಹಾಗಾದ್ರೆ 1024 ಅನ್ನ ಇನ್ನೂ ಯಾಕೆ ಇಟ್ಕೊಂಡಿದ್ದಾರೆ? 2018ರ ಡಿಸೆಂಬರ್‌ನಲ್ಲಿ ಬಂದ ಸಿಸ್ಟಂಡಿ 240, ಹಾರ್ಡ್ ಲಿಮಿಟ್ಟನ್ನ 5,24,288ಕ್ಕೆ ಏರಿಸಿತು. ಸಾಫ್ಟ್ ಲಿಮಿಟ್ಟನ್ನ ಮಾತ್ರ 1024ರಲ್ಲೇ ಬಿಟ್ಟಿತು. ಹೆಚ್ಚು ಬೇಕಾದ ಪ್ರೋಗ್ರಾಂ ತಾನೇ ಕೇಳಿ ಏರಿಸಿಕೊಳ್ಳಲಿ ಅಂತ. ಯಾಕಂದ್ರೆ ಸೆಲೆಕ್ಟ್ ನಂಬಿರೋ ಹಳೇ ಪ್ರೋಗ್ರಾಂ ಕೈಗೆ 1024 ಅಥವಾ ಅದಕ್ಕಿಂತ ದೊಡ್ಡ ನಂಬರಿನ ಡಿಸ್ಕ್ರಿಪ್ಟರ್ ಸಿಕ್ಕಿದ್ರೆ ಅದು ಹಾಜರಿ ಪುಸ್ತಕದ ಆಚೆಗೆ ಬರೆದುಬಿಡಬಹುದು. ಆಗ ಬೈಗುಳವೂ ಬರದೆ ಮೆಮೊರಿ ಸದ್ದಿಲ್ಲದೆ ಕೆಡಬಹುದು.

ನನ್ನ ಪ್ರಕಾರ 1024 ಅಂದ್ರೆ ಹಳೇ ಪ್ರೋಗ್ರಾಂಗಳಿಗೆ ಕೊಟ್ಟ ಮಾತು. ಏರಿಸಬೇಕು ನಿಜ... ಆದ್ರೆ ಆ ಮಾತನ್ನ ನಂಬಿಕೊಂಡು ಒಳಗೆ ಯಾರು ಕೂತಿದ್ದಾರೆ ಅಂತ ನೋಡಿಕೊಂಡು ಏರಿಸಬೇಕು. ಏನಂತೀರಿ?