ನಿರ್ವಹಣಾ ಸಲಹೆಗಾರ (ಕರ್ನಾಟಕ)

ಸಂಸ್ಥೆಯೊಂದರ ಆಡಳಿತ, ಉತ್ಪಾದನೆ ಅಥವಾ ಹಣಕಾಸಿನ ತೊಡಕನ್ನು ಹೊರಗಿನವನಾಗಿ ಪರಿಶೀಲಿಸಿ, ಶುಲ್ಕ ಪಡೆದು ಪರಿಹಾರ ಸೂಚಿಸುವ ವೃತ್ತಿಪರ. ಅಮೆರಿಕದಲ್ಲಿ ಆರ್ಥರ್ ಡಿ. ಲಿಟಲ್ (1886), ಮೆಕಿನ್ಸಿ (1926) ಸಂಸ್ಥೆಗಳೊಂದಿಗೆ ಈ ವೃತ್ತಿ ಬೆಳೆಯಿತು.

ಕರ್ನಾಟಕದಲ್ಲಿ ಇದು 1991ರ ಉದಾರೀಕರಣದ ನಂತರ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಜೊತೆಗೆ ಬಂದಿತೆಂಬ ಮಾತು ಬಳಕೆಯಲ್ಲಿದೆ. ಇದಕ್ಕೆ ವಿರುದ್ಧವಾಗಿ ಎಂ. ವಿಶ್ವೇಶ್ವರಯ್ಯನವರನ್ನೇ ಮೊದಲ ಸಲಹೆಗಾರರೆಂದು ಕರೆಯುವವರೂ ಇದ್ದಾರೆ. ಎರಡನ್ನೂ ತಿದ್ದಿಕೊಳ್ಳಬೇಕು. 1908ರ ಮೂಸಿ ಪ್ರವಾಹದ ನಂತರ ಅವರು ಹೈದರಾಬಾದಿಗೆ ಹೋದದ್ದು ಸಲಹಾ ಎಂಜಿನಿಯರಾಗಿ. ಪರಿಶೀಲನೆ, ವರದಿ, ಶಿಫಾರಸು ಎಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ, ವಿಷಯ ಮಾತ್ರ ಜಲಾಶಯ ಮತ್ತು ಚರಂಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ (1923–29) ವಿಷಯ ಆಡಳಿತವೇ ಆಗಿತ್ತು. ಆದರೆ ಅಲ್ಲಿ ಅವರು ಆಡಳಿತ ಮಂಡಳಿಯ ಅಧ್ಯಕ್ಷರು, ತೀರ್ಮಾನದ ಹೊಣೆ ಹೊತ್ತವರು. ಮಂಡ್ಯದ ಮೈಸೂರು ಸಕ್ಕರೆ ಕಂಪನಿಯ (1933) ಹುಟ್ಟಿಗೆ ಕಾರಣರಾದ ಲೆಸ್ಲಿ ಕೋಲ್ಮನ್ ಕೂಡ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರು, ಹೊರಗಿನವರಲ್ಲ. ಸಲಹೆಗಾರ ಸೂಚಿಸುತ್ತಾನೆ, ಒಪ್ಪುವುದೂ ಬಿಡುವುದೂ ಮಾಲೀಕನಿಗೆ ಸೇರಿದ್ದು. ಈ ಗೆರೆಯನ್ನು ಅಳಿಸಿದರೆ ದಕ್ಷ ಅಧಿಕಾರಿಗಳೆಲ್ಲ ಸಲಹೆಗಾರರೇ ಆಗಿಬಿಡುತ್ತಾರೆ.

ನಿಜವಾದ ತಿರುವು 1970ರ ದಶಕದ್ದು. 1973ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆ (ಐಐಎಂ) ಆರಂಭವಾಯಿತು. 1976ರಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಿದ ಟೆಕ್ಸಾಕ್ ಎಂಬ ಸಲಹಾ ಸಂಸ್ಥೆ, ಯೋಜನಾ ವರದಿ, ಮಾರುಕಟ್ಟೆ ಸಮೀಕ್ಷೆಗಳಂಥ ಸೇವೆಯನ್ನು ಶುಲ್ಕಕ್ಕೆ ಒದಗಿಸಿತು. ದೊಡ್ಡ ಕಂಪನಿಗಳಷ್ಟೇ ಕೊಳ್ಳಬಲ್ಲ ಸೇವೆ ಸಣ್ಣ ಉದ್ಯಮಿಯ ಕೈಗೂ ಎಟುಕಿತು. ಈ ಸಂಸ್ಥೆಗೆ ಉದ್ಯಮ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲ.

1990ರ ದಶಕದಿಂದ ಬಹುರಾಷ್ಟ್ರೀಯ ಸಂಸ್ಥೆಗಳ ನೇಮಕಾತಿ ಹೆಚ್ಚಿತು. 2004ರಲ್ಲಿ ಇನ್ಫೋಸಿಸ್ ತನ್ನದೇ ಸಲಹಾ ಕಂಪನಿಯನ್ನು ಅಮೆರಿಕದಲ್ಲಿ ತೆರೆಯಿತು.

ವೃತ್ತಿಯ ಸಾಮಾನ್ಯ ದಾರಿ ಎಂಜಿನಿಯರಿಂಗ್ ಅಥವಾ ವಾಣಿಜ್ಯ ಪದವಿ, ನಂತರ ಎಂಬಿಎ. ಉದಾಹರಣೆಗೆ, ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ವಿದ್ಯಾರ್ಥಿಗೆ ಮೊದಲ ಮೆಟ್ಟಿಲು ಜಿಲ್ಲಾ ಕೇಂದ್ರದಲ್ಲೇ ಇದೆ: ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು (1962). ಐಐಎಂಗಳಲ್ಲಿ ಎಂಬಿಎ ಸೇರಲು ಸಿಎಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಸಂಸ್ಥೆ ಸೇರಿದವರು ಅನಲಿಸ್ಟ್, ಕನ್ಸಲ್ಟೆಂಟ್, ಮ್ಯಾನೇಜರ್ ಹುದ್ದೆಗಳನ್ನು ದಾಟಿ ಪಾಲುದಾರರಾಗುತ್ತಾರೆ. ಬಡ್ತಿ ಸಿಗದವರು ಹೊರಡಬೇಕೆಂಬ ಪದ್ಧತಿ ದೊಡ್ಡ ಸಂಸ್ಥೆಗಳಲ್ಲಿದೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೆ ಸ್ವತಂತ್ರವಾಗಿ ಸಲಹೆ ನೀಡುವವರೂ ಉಂಟು.

ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆಯಿದೆ. ನಿರ್ವಹಣಾ ಸಲಹೆಗಾರರಿಗೆ ಭಾರತದಲ್ಲಿ ಅಂಥ ಕಾಯ್ದೆಯಾಗಲಿ ಕಡ್ಡಾಯ ಪರವಾನಗಿಯಾಗಲಿ ಇಲ್ಲ. ಭಾರತೀಯ ನಿರ್ವಹಣಾ ಸಲಹೆಗಾರರ ಸಂಸ್ಥೆ ನೀಡುವ ಸಿಎಂಸಿ ಪ್ರಮಾಣಪತ್ರ ಐಚ್ಛಿಕ.