ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್: ಜಿಟಿಎಕ್ಸ್ 1060, ಆರ್‌ಎಕ್ಸ್ 580 ಪೈಕಿ ಯಾವುದು ಉತ್ತಮ?

ಪುಣೆಯ ತಾಪಕೀರ್ ಗಲ್ಲಿ ಇರಲಿ, ಬೆಂಗಳೂರಿನ ಎಸ್‌.ಪಿ. ರಸ್ತೆ ಇರಲಿ, ಕಡಿಮೆ ಬಜೆಟ್‌ನಲ್ಲಿ ಪಿಸಿ ಜೋಡಿಸಲು ಹೊರಟ ವಿದ್ಯಾರ್ಥಿಗಳಿಗೆ ಎದುರಾಗುವ ಎರಡು ಹಳೆಯ ಹೆಸರು ಎನ್ವಿಡಿಯಾ ಜಿಟಿಎಕ್ಸ್ 1060 (2016) ಮತ್ತು ಎಎಂಡಿ ಆರ್‌ಎಕ್ಸ್ 580 (2017).

1080ಪಿ ಗೇಮಿಂಗ್‌ನಲ್ಲಿ ಇವೆರಡರ ವೇಗ ಹೆಚ್ಚುಕಡಿಮೆ ಒಂದೇ. ಡೈರೆಕ್ಟ್‌ಎಕ್ಸ್ 12, ವಲ್ಕನ್ ಬಳಸುವ ಗೇಮ್‌ಗಳಲ್ಲಿ ಸಾಮಾನ್ಯವಾಗಿ 580 ತುಸು ಮುಂದೆ. ಅದರ 8 ಜಿಬಿ ಮೆಮೊರಿ ಹೊಸ ಗೇಮ್‌ಗಳಿಗೆ ಅನುಕೂಲ. 1060ರಲ್ಲಿ ಇರುವುದು 6 ಜಿಬಿ. ಆದರೆ 1060ಕ್ಕೆ 120 ವ್ಯಾಟ್ ಸಾಕು, 580ಕ್ಕೆ 185 ವ್ಯಾಟ್ ಬೇಕು. ದಿನಕ್ಕೆ 4 ಗಂಟೆ ಆಡಿದರೆ ತಿಂಗಳಿಗೆ ಸುಮಾರು 8 ಯೂನಿಟ್ ವ್ಯತ್ಯಾಸ. ಬಾಡಿಗೆ ರೂಮಿನಲ್ಲಿ ಕರೆಂಟ್ ಬಿಲ್ ಹಂಚಿಕೊಳ್ಳುವವರು ಇದನ್ನೂ ಲೆಕ್ಕ ಹಾಕಬೇಕು!

ಓದಿಗಾಗಿ ಕುಡಾ ಬೇಕಿದ್ದರೆ 580 ಪ್ರಯೋಜನವಿಲ್ಲ. 1060ಕ್ಕೂ ಕುಡಾ 13ರಿಂದ ಬೆಂಬಲ ನಿಂತಿದೆ, 12ರ ಆವೃತ್ತಿಯೇ ಗತಿ.

ಎಚ್ಚರ ಇರಬೇಕಾದ್ದು ಹೆಸರಿನ ವಿಷಯದಲ್ಲಿ. 1060ರ 3 ಜಿಬಿ ಮಾದರಿಯಲ್ಲಿ ಮೆಮೊರಿ ಮಾತ್ರವಲ್ಲ, ಕೋರ್‌ಗಳೂ ಕಡಿಮೆ: 1280ರ ಬದಲು 1152. ಹಾಗೆಯೇ '580 2048ಎಸ್‌ಪಿ' ಎಂಬ ಮಾದರಿಯಲ್ಲಿ 2304ರ ಬದಲು 2048 ಕೋರ್‌ಗಳಿವೆ. ಹೆಸರು 580, ಒಳಗಿರುವುದು 570ರ ಶಕ್ತಿ. ಉಚಿತವಾಗಿ ಸಿಗುವ ಜಿಪಿಯು-ಝಡ್ ತಂತ್ರಾಂಶದಲ್ಲಿ ಈ ಸಂಖ್ಯೆ ನೋಡಿಯೇ ಹಣ ಕೊಡಿ.

2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಲ್ಲುವವರೆಗೆ ಹಲವು 580 ಕಾರ್ಡ್‌ಗಳು ಹಗಲಿರುಳು ದುಡಿದಿವೆ. ಅಂಗಡಿಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ, ಫ್ಯಾನ್ ಸದ್ದು ಮತ್ತು ಬಿಸಿ ಪರೀಕ್ಷಿಸಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.