ಅಟ್ಟದ ಪೆಟ್ಟಿಗೆಯ ಪಿಂಗಾಣಿ ನಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವೆಂಬುದು ಮೊದಲಿಗೆ ತೆಂಗಿನಕಾಯಿಯ ನೆಲೆ. ಬಲಿತ ಕಾಯಿ ಅಲ್ಲಿ ತಿಂಗಳುಗಟ್ಟಲೆ ಮಲಗಿ, ತನ್ನೊಳಗಿನ ನೀರನ್ನು ತಾನೇ ಕುಡಿದು ಉಂಡೆ ಕೊಬ್ಬರಿಯಾಗುತ್ತದೆ. ಅದೇ ಅಟ್ಟದ ಮೂಲೆಯಲ್ಲಿ, ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಯುವ ಮತ್ತೊಂದು ವಸ್ತುವಿರುತ್ತಿತ್ತು: ದಸರೆಯ ಗೊಂಬೆಗಳ ಪೆಟ್ಟಿಗೆ.

ಕೆಲವು ವರ್ಷಗಳ ಹಿಂದೆ ತಿಪಟೂರಿಗೆ ಸಮೀಪದ ಹಳ್ಳಿಯೊಂದರಲ್ಲಿ, ಪರಿಚಿತರೊಬ್ಬರ ಮನೆಯನ್ನು ಕೆಡವುವ ಮುನ್ನ ಅಂಥದೊಂದು ಪೆಟ್ಟಿಗೆಯನ್ನು ಇಳಿಸಿದಾಗ ನಾನು ಅಲ್ಲಿದ್ದೆ. ಪಟ್ಟದ ಗೊಂಬೆಗಳು, ಶೆಟ್ಟಿ ದಂಪತಿ, ಮಣ್ಣಿನ ಹಸು–ಕರು ಇವುಗಳ ನಡುವೆ, ತೆಂಗಿನ ನಾರಿನಲ್ಲಿ ಸುತ್ತಿಟ್ಟ ಒಂದು ಪಿಂಗಾಣಿ ನಾಯಿ. ಅದರ ಒಂದು ಕಿವಿ ಮುಕ್ಕಾಗಿತ್ತು. ಮನೆಯ ಮೊಮ್ಮಗ ಫೋನಿನಲ್ಲಿ ಅಂಥದೇ ಚಿತ್ರವನ್ನು ಹುಡುಕಿ ತೆಗೆದು, "ಮೇಷ್ಟ್ರೇ, ಇದು ಡೆನ್ಮಾರ್ಕಿನದಂತೆ. ಸಾವಿರಾರು ರೂಪಾಯಿ ಬಾಳುತ್ತದಂತೆ. ನಿಜವೇ ನೋಡಿ" ಎಂದ. ಉಳಿದ ಗೊಂಬೆಗಳನ್ನು ಗುಜರಿಗೆ ಹಾಕುವುದೆಂದು ಆಗಲೇ ತೀರ್ಮಾನವಾದಂತಿತ್ತು.

ಆತನ ಪ್ರಶ್ನೆ ಅಸಂಗತವೇನಲ್ಲ. ಪಿಂಗಾಣಿಯ ಪ್ರಾಣಿಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಡೆನ್ಮಾರ್ಕಿಗೆ ದೊಡ್ಡ ಹೆಸರಿದೆ. ಕೋಪನ್‌ಹೇಗನ್ನಿನಲ್ಲಿ 1775ರಲ್ಲಿ ರಾಣಿ ಜೂಲಿಯಾನ ಮರಿಯಾಳ ಆಶ್ರಯದಲ್ಲಿ ರಾಯಲ್ ಕೋಪನ್‌ಹೇಗನ್ ಕಾರ್ಖಾನೆ ಸ್ಥಾಪಿತವಾಯಿತು. 1853ರಲ್ಲಿ ಅದಕ್ಕೆ ಪ್ರತಿಸ್ಪರ್ಧಿಯಾಗಿ ಬಿಂಗ್ ಅಂಡ್ ಗ್ರೋಂಡಾಲ್ ಹುಟ್ಟಿತು. ಪ್ರಾಣಿಗಳ ಕೀರ್ತಿ ಬಂದದ್ದು ಮಾತ್ರ ಬಹಳ ತಡವಾಗಿ. 1885ರಲ್ಲಿ ರಾಯಲ್ ಕೋಪನ್‌ಹೇಗನ್ನಿನ ಕಲಾನಿರ್ದೇಶಕನಾದ ಆರ್ನಾಲ್ಡ್ ಕ್ರೋಗ್ ಎಂಬ ವಾಸ್ತುಶಿಲ್ಪಿ, ಬಣ್ಣವನ್ನು ಗಾಜಿನಂಥ ಮೆರುಗಿನ ಮೇಲೆ ಬಳಿಯದೆ ಅದರ ಅಡಿಯಲ್ಲಿಯೇ ಬಳಿಯುವ ಕ್ರಮವನ್ನು ಹದಗೊಳಿಸಿದ. ಸುಮಾರು 1,400 ಡಿಗ್ರಿಯ ಬೆಂಕಿಯನ್ನು ತಾಳಬಲ್ಲ ಬಣ್ಣಗಳು ಬೆರಳೆಣಿಕೆಯಷ್ಟು. ಕೋಬಾಲ್ಟಿನ ನೀಲಿ ಅವುಗಳಲ್ಲಿ ಮುಖ್ಯವಾದುದು. ಡೆನ್ಮಾರ್ಕಿನ ಪಿಂಗಾಣಿ ಬೆಕ್ಕು, ಬಾತು, ಹಿಮಕರಡಿಗಳೆಲ್ಲ ಮುಂಜಾವಿನ ಮಂಜಿನಲ್ಲಿ ನಿಂತಂತೆ ನಸುನೀಲಿ, ಬೂದು, ಹಾಲುಬಿಳುಪಿನಲ್ಲಿ ಕಾಣಲು ಇದೇ ಕಾರಣ. ಅದು ಕೇವಲ ಅಭಿರುಚಿಯಲ್ಲ, ಬೆಂಕಿ ಒಡ್ಡಿದ ಮಿತಿ. ಆ ಮಿತಿಯನ್ನೇ ಶೈಲಿಯಾಗಿಸಿಕೊಂಡದ್ದು ಕ್ರೋಗನ ಜಾಣ್ಮೆ. 1889ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಈ ಕೆಲಸಕ್ಕೆ ಅತ್ಯುನ್ನತ ಬಹುಮಾನ ಸಂದಿತು.

ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಕುತೂಹಲ ಹುಟ್ಟಿಸಬೇಕಾದದ್ದು ಈ ಪ್ರಾಣಿಗಳ ಮುಖವಲ್ಲ, ಅಡಿಭಾಗ. ರಾಯಲ್ ಕೋಪನ್‌ಹೇಗನ್ನಿನ ಗುರುತು ಮೂರು ನೀಲಿ ಅಲೆಗಳು. ಡೆನ್ಮಾರ್ಕಿನ ಮೂರು ಜಲಸಂಧಿಗಳ ಸಂಕೇತ. ಬಿಂಗ್ ಅಂಡ್ ಗ್ರೋಂಡಾಲಿನದು ಮೂರು ಗೋಪುರಗಳು. ಇದಲ್ಲದೆ ಮಾದರಿಯ ಸಂಖ್ಯೆ, ಬಣ್ಣ ಬಳಿದವರ ಗುರುತು. 1935ರಿಂದ ಈಚೆಗೆ ಕಾರ್ಖಾನೆಯ ಹೆಸರಿನ ಯಾವ ಅಕ್ಷರದ ಮೇಲೆ ಅಥವಾ ಕೆಳಗೆ ಗೀಟು ಬಿದ್ದಿದೆ ಎಂಬುದರಿಂದ ತಯಾರಾದ ವರ್ಷವನ್ನೂ ಓದಬಹುದು. ಅಲೆಗಳಿಗೆ ಅಡ್ಡಲಾಗಿ ಗೀರಿದ್ದರೆ, ಅದು ಪರೀಕ್ಷಕರ ಕಣ್ಣಿಗೆ ಎರಡನೆಯ ದರ್ಜೆಯೆಂದು ಕಂಡ ವಸ್ತು. ತನ್ನ ದೋಷವನ್ನೂ ತನ್ನ ಅಡಿಯಲ್ಲೇ ದಾಖಲಿಸಿಕೊಂಡ ಶಾಸನ! ಶಿಲ್ಪದ ಪೀಠವನ್ನು ಓದುವ ಅಭ್ಯಾಸ ನಮಗೆ ಹೊಸದೇನೂ ಅಲ್ಲ. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರನ್ನೂ, ಸೋಮನಾಥಪುರದ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರನ್ನೂ ಓದಿದವರಿಗೆ ಪಿಂಗಾಣಿಯ ಅಡಿಯನ್ನು ಓದುವುದು ಕಷ್ಟವಾಗಲಾರದು.

ನಾಯಿಯನ್ನು ಮಗುಚಿ ನೋಡಿದೆ. ಅಲೆಯೂ ಇಲ್ಲ, ಗೋಪುರವೂ ಇಲ್ಲ. ಮೈಮೇಲಿನ ಕಪ್ಪು, ಕಂದು ಮಚ್ಚೆಗಳು ಅಲ್ಲಲ್ಲಿ ಸವೆದಿದ್ದವು. ಎಂದರೆ ಬಣ್ಣ ಮೆರುಗಿನ ಮೇಲಿನದು. ಅಡಿಯಲ್ಲಿ ಮಾಸಿದ ಕೆಂಪಕ್ಷರ: ಮೇಡ್ ಇನ್ ಜಪಾನ್.

ಈ ಮೂರು ಪದಗಳಿಗೂ ಒಂದು ಚರಿತ್ರೆಯಿದೆ. ಆಮದು ವಸ್ತುವಿನ ಮೇಲೆ ಮೂಲದೇಶದ ಹೆಸರಿರಬೇಕೆಂದು ಅಮೆರಿಕವು 1890ರ ಸುಂಕದ ಕಾನೂನಿನಲ್ಲಿ ವಿಧಿಸಿತು. ಜಪಾನಿನ ಕುಂಬಾರರು ಮೊದಲು 'ನಿಪ್ಪಾನ್' ಎಂದು ಬರೆದರು. 1921ರಲ್ಲಿ ಅಮೆರಿಕ ಅದನ್ನು ಒಪ್ಪದೆ 'ಜಪಾನ್' ಎಂದೇ ಇರಬೇಕೆಂದಿತು. ಎರಡನೆಯ ಮಹಾಯುದ್ಧದಲ್ಲಿ ಸೋತ ನಂತರ ಕೆಲವು ವರ್ಷ, 1952ರವರೆಗೆ, 'ಆಕ್ರಮಿತ ಜಪಾನ್' ಎಂಬ ಮುದ್ರೆಯೂ ಬಂತು. ಆದ್ದರಿಂದ ನಮ್ಮ ನಾಯಿ ಬಹುತೇಕ 1921ರ ಈಚಿನದು. ಯುರೋಪಿನ ಮಾದರಿಗಳನ್ನು ಅನುಕರಿಸಿ ಅಗ್ಗದ ಬೆಲೆಗೆ ಲೋಕಕ್ಕೆಲ್ಲ ಹಂಚಿದ ಜಪಾನಿನ ಅಸಂಖ್ಯ ಪ್ರಾಣಿಗಳಲ್ಲಿ ಇದೂ ಒಂದು.

ತರಂಗಂಬಾಡಿಯಲ್ಲಿ ಡೇನರಿದ್ದರಲ್ಲವೇ, ಅಲ್ಲಿಂದ ಬಂದಿರಬಾರದೇಕೆ ಎಂದು ಮೊಮ್ಮಗ ಮತ್ತೊಂದು ಎಳೆ ಹಿಡಿದ. ಅವರು ಅಲ್ಲಿಗೆ ಬಂದದ್ದು 1620ರಲ್ಲಿ, ಆ ಠಾಣ್ಯವನ್ನು ಬ್ರಿಟಿಷರಿಗೆ ಮಾರಿದ್ದು 1845ರಲ್ಲಿ. ಕ್ರೋಗನ ಕ್ರಮ ರೂಪುಗೊಂಡದ್ದು ಅದಾದ ನಾಲ್ಕು ದಶಕಗಳ ಮೇಲೆ. ಕಾಲಗಣನೆ ಒಪ್ಪುವುದಿಲ್ಲ. ಕೊಬ್ಬರಿ ಮೂಟೆಗಳು ರೈಲೇರಿ ಉತ್ತರಕ್ಕೆ ಹೋಗುತ್ತಿದ್ದ ಊರಿಗೆ ಪೇಟೆಯ ಸಾಮಾನು ಅದೇ ಹಳಿಯ ಮೇಲೆ ಬಂದಿತೆನ್ನುವ ಊಹೆಯೇ ಹೆಚ್ಚು ಸಹಜ.

ಆತನ ಮುಖ ಬಾಡಿತು. ನನಗೆ ಅಸಮಾಧಾನವಾದದ್ದು ಬೇರೆ ಕಾರಣಕ್ಕೆ. ಸಂಗ್ರಾಹಕನ ಕಣ್ಣು ಒಂದು ಪ್ರಾಣಿಯನ್ನು ಸಾಲಿನಿಂದ ಹೊರತೆಗೆದು, ತಯಾರಿಸಿದವನ ಹೆಸರನ್ನಷ್ಟೇ ಕೇಳುತ್ತದೆ. ಗೊಂಬೆಹಬ್ಬದಲ್ಲಾದರೋ ಅರ್ಥವಿರುವುದು ಸಾಲಿನಲ್ಲಿ. ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದ ಕರಿಕಲ್ಲಿನ ನಂದಿಯನ್ನು ನೋಡಿದವರು ಅದರ ಮಾಸದ ಹೊಳಪನ್ನು ಮರೆಯಲಾರರು. ಆದರೆ ಆ ನಂದಿ ಲಿಂಗವನ್ನು ನೋಡುತ್ತಿದೆ. ಆ ನೋಟವನ್ನು ಬಿಟ್ಟರೆ ಉಳಿಯುವುದು ಒಳ್ಳೆಯ ಕೆತ್ತನೆ ಮಾತ್ರ. ಮೈಸೂರು ಅರಮನೆಯ ಗೊಂಬೆತೊಟ್ಟಿಯಲ್ಲಿ ಅರಸುಮನೆತನದ ಗೊಂಬೆಗಳು ಉಳಿದಿವೆ. ತೆಂಗಿನ ಸೀಮೆಯ ಮನೆಗಳ ಗೊಂಬೆಸಾಲಿಗೆ ಅಂಥ ತೊಟ್ಟಿಯಿಲ್ಲ. ಅದರ ಪಾಠ ಬರೆದಿಟ್ಟದ್ದಲ್ಲ, ಜೋಡಿಸುವವರ ನೆನಪಿನಲ್ಲಿರುವಂಥದು.

ಆ ನೆನಪು ಅದೇ ನಡುಮನೆಯಲ್ಲಿ, ಕಂಬಕ್ಕೊರಗಿ ಕುಳಿತಿತ್ತು. ಅಷ್ಟು ಹೊತ್ತೂ ಅಜ್ಜಿಯನ್ನು ನಾವಿಬ್ಬರೂ ಏನೂ ಕೇಳಿರಲಿಲ್ಲ. ನಾಯಿಯನ್ನು ಕೈಗಿತ್ತಾಗ ಆಕೆ ಅಡಿಯನ್ನು ನೋಡಲಿಲ್ಲ, ಮುಕ್ಕಾದ ಕಿವಿಯನ್ನು ಸವರಿದರು.

"ಇದು ಶೆಟ್ಟಿ ಅಂಗಡಿ ನಾಯಿ ಕಣಪ್ಪ. ನಮ್ಮತ್ತೆ ಶೆಟ್ಟಿ ಮುಂದೆ ಬ್ಯಾಳೆ, ಅಕ್ಕಿ ಜೊತೆಗೆ ಕೊಬ್ಬರಿ ಚೂರು ಗುಡ್ಡೆ ಹಾಕೋರು. ಅದುನ್ನ ಕಾಯಕ್ಕೆ ಇದು. ನಾನು ಬರೋ ಹೊತ್ಗೆ ಇತ್ತು. ನಿಮ್ಮಪ್ಪ ನಡಿಯಕ್ಕೆ ಕಲ್ತ ವರ್ಷ ಎಳದು ಕೆಡವಿ ಕಿವಿ ಮುರುದ."

ಒಂದೇ ಉಸಿರಿಗೆ ಮೂರು ತಲೆಮಾರು, ಒಂದು ಸ್ಥಾನನಿರ್ದೇಶ, ಒಂದು ಕಾಲಸೂಚನೆ. ಮೇಲಿನ ಸಾಲಿನಲ್ಲಿ ಯಾವುದು, ಕೆಳಗೆ ಯಾವುದು, ಯಾವ ಗೊಂಬೆ ಯಾರ ತವರಿನಿಂದ ಬಂದದ್ದು ಎಂದು ಆಕೆ ಸಂಜೆಯವರೆಗೂ ಹೇಳುತ್ತ ಹೋದರು. ಮೊಮ್ಮಗ ಕೈಗೆ ಸಿಕ್ಕ ಕೊಬ್ಬರಿ ಮಂಡಿಯ ಹಳೆಯ ಚೀಟಿಗಳ ಹಿಂಬದಿಯಲ್ಲಿ ಬರೆದುಕೊಂಡ. ಹನ್ನೊಂದು ಚೀಟಿಗಳಾದವು. ಅವನ್ನು ನಾಯಿಯ ಜೊತೆಗೆ ಅದೇ ನಾರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ.